ಕಡಲ ಬದಿಯ ಹಂಚಿನ ಮನೆಯಲ್ಲಿ ಹೋಂಸ್ಟೇ: ಪ್ರಶ್ನೋತ್ತರ

(ಉಡುಪಿ ಕರಾವಳಿ ಹೋಂಸ್ಟೇ ಗುಂಪು. ಉತ್ತರ: ಪರವಾನಗಿ ಸಲಹೆಗಾರರು. ಉಳಿದವರ ಹೆಸರಿನ ಬದಲು ಅವರ ಊರು ಕೊಟ್ಟಿದೆ)

ಕೋಡಿಬೆಂಗ್ರೆ: ಸರ್, ಹಂಚಿನ ಮನೆ, ಕಡಲಿಂದ 60 ಮೀಟರ್, ಹಿಂದೆ ಹೊಳೆ. ಜಗಲಿ ಮುಂದೆ ತಂದು ಎರಡು ರೂಮು, ಬಾತ್‌ರೂಮು ಮಾಡಿ ಹೋಂಸ್ಟೇ ಶುರು ಮಾಡ್ಬಹುದಾ?

ಸಲಹೆಗಾರ: ಹೋಂಸ್ಟೇ ಮಾಡಬಹುದು, ಜಗಲಿ ಮುಂದೆ ತರುವ ಹಾಗಿಲ್ಲ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಊರಿನವರಿಗೆ, ಮೀನುಗಾರರಿಗೆ ಇದ್ದ ಮನೆಯಲ್ಲೇ ಹೋಂಸ್ಟೇಗೆ ಅವಕಾಶ ಉಂಟು. ಪಂಚಾಂಗದ (ಗೋಡೆ ನಿಂತಿರುವ ಅಡಿಪಾಯದ ಕಟ್ಟೆಯ) ಅಳತೆ, ವಿನ್ಯಾಸ, ಮುಂಭಾಗ ಬದಲಾಗಬಾರದು.

60 ಮೀಟರ್ ಎಲ್ಲಿಂದ ಅಳೆದದ್ದು? ಅಲೆ ಮುಟ್ಟುವಲ್ಲಿಂದ ಅಳೆದರೆ ತಪ್ಪು. ಅನುಮೋದಿತ ಕರಾವಳಿ ನಕ್ಷೆಯ ಭರತ ರೇಖೆಯಿಂದ (ದೊಡ್ಡ ಉಬ್ಬರದಲ್ಲಿ ನೀರು ಮುಟ್ಟುವ ಗೆರೆಯಿಂದ) ಅಳೆಯಬೇಕು. ಸರ್ವೆ ನಂಬರ್ ಹಿಡಿದು ನೋಡಿ. ಗ್ರಾಮೀಣ ಭಾಗದಲ್ಲಿ 2011ರ ಜನಗಣತಿಯಂತೆ ಚ.ಕಿ.ಮೀ.ಗೆ 2,161ಕ್ಕಿಂತ ಹೆಚ್ಚು ಜನ ಇದ್ದರೆ ಹೊಸದಾಗಿ ಕಟ್ಟಬಾರದ ನಿಷೇಧ ವಲಯ 50 ಮೀಟರ್, ಇಲ್ಲದಿದ್ದರೆ 200. ಹೊಳೆ ಬದಿಗೆ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅದು. ನಿಮಗೆ ಎರಡೂ ಬದಿಯ ಲೆಕ್ಕ ಬರುತ್ತದೆ.

ನನಗೆ ಹೆದರಿಕೆ ಬಾತ್‌ರೂಮಿನದ್ದು. ಮರಳು ನೆಲ, ಮಳೆಗಾಲದಲ್ಲಿ ಕೈಗೆಟಕುವಷ್ಟು ಮೇಲೆ ನೀರು. ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್ ಬೇಕು. ಸಣ್ಣ ಜಾಗದಲ್ಲಿ ನಿಮ್ಮ ಬಾವಿ ತಪ್ಪಿಸಿದರೆ ನೆರೆಮನೆಯದ್ದು ಸಿಗುತ್ತದೆ. ಮೊದಲು ಆಚೀಚೆಯ ಬಾವಿಗಳಿಗೆ ಟೇಪು ಹಿಡಿಯಿರಿ.

ಕಾಪು: ರೂಮಿಗೆ ಜಿಎಸ್‌ಟಿ 12% ಅಲ್ವಾ?

ಸಲಹೆಗಾರ: ಅಲ್ಲ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ. ವರೆಗೆ 5%, ಇನ್‌ಪುಟ್ ಕ್ರೆಡಿಟ್ (ಖರೀದಿಗೆ ಕೊಟ್ಟ ತೆರಿಗೆಯನ್ನು ಇದರಲ್ಲಿ ಕಳೆಯುವ ಅವಕಾಶ) ಇಲ್ಲ. ಅದಕ್ಕಿಂತ ಮೇಲೆ 18%. ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಡ.

ಕುಂದಾಪುರ: ಸಬ್ಸಿಡಿಗೆ ಅರ್ಜಿ ಎಲ್ಲಿ ಹಾಕುವುದು ಸರ್?

ಸುರತ್ಕಲ್: ನನ್ನ ರೂಮು 1,500. ಜಿಎಸ್‌ಟಿ ಎಷ್ಟು?

ಸಲಹೆಗಾರ: ಮೇಲೆ ಓದಿ. ಆ್ಯಪ್‌ನಲ್ಲಿ ಬುಕ್ ಆದರೆ, ನೋಂದಣಿ ಇಲ್ಲದವರ ತೆರಿಗೆ ಆ್ಯಪ್‌ನವರೇ ಕಟ್ಟಬೇಕು.

ಬೈಂದೂರು: ಫಾರ್ವರ್ಡ್: “ಪ್ರವಾಸೋದ್ಯಮ ನೀತಿ 2024–29ರಲ್ಲಿ ಹೋಂಸ್ಟೇಗೆ ಸಿಆರ್‌ಝಡ್ ವಿನಾಯಿತಿ. ಎಲ್ಲರಿಗೂ ಕಳಿಸಿ.”

ಸಲಹೆಗಾರ: ದಯವಿಟ್ಟು ಕಳಿಸಬೇಡಿ. ಅದು ರಾಜ್ಯದ ನೀತಿ. ಸಿಆರ್‌ಝಡ್ ಇರುವುದು ಕೇಂದ್ರದ 1986ರ ಪರಿಸರ ಕಾಯ್ದೆಯಡಿ. ನೀತಿಯಿಂದ ಕಾಯ್ದೆ ಬದಲಾಗುವುದಿಲ್ಲ. ಇದನ್ನು ನಂಬಿ ಗೋಡೆ ಎಬ್ಬಿಸಿದರೆ ಕೆಡವುವ ಖರ್ಚೂ ನಿಮ್ಮದೇ.

ಬೈಂದೂರು: ಎಲ್ಲದಕ್ಕೂ ಅಡ್ಡಿ ಹಾಕಿದ್ರೆ ಪ್ರವಾಸೋದ್ಯಮ ಬೆಳೆಯುವುದು ಹೇಗೆ? ನಮ್ಮ ಹುಡುಗರು ಬೆಂಗಳೂರಲ್ಲೇ ಇರ್ಬೇಕಾ?

ಮಲ್ಪೆ: ಕಡಲ ಬದಿಗೆ ಬೇಲಿ ಹಾಕಿದ್ರೆ ನಾವು ಬಲೆ ಎಲ್ಲಿ ಒಣಗಿಸುವುದು? ಅದೂ ದುಡಿಮೆಯೇ ಮಾರಾಯ್ರೆ.

ಬೈಂದೂರು: ಜೂನ್, ಜುಲೈ ಬೋಟು ಹೋಗುವುದಿಲ್ಲ. ಆಗ ಮನೆಗೆ ದುಡ್ಡು ಎಲ್ಲಿಂದ?

ಮಲ್ಪೆ: ಆ ಎರಡು ತಿಂಗಳು ನಿಮ್ಮ ರೂಮಿಗೆ ಯಾರು ಬರ್ತಾರೆ? ಸುಮ್ಮನೆ ಮಾತಾಡ್ಬೇಡಿ.

ಸಲಹೆಗಾರ: ಜಗಳ ಬೇರೆ ಕಡೆ ಮಾಡಿ.

ಕೋಡಿಬೆಂಗ್ರೆ: ಅಳೆದೆ ಸರ್. ನಮ್ಮ ಬಾವಿಗೆ 19, ನೆರೆಮನೆಯದ್ದಕ್ಕೆ 11.

ಸಲಹೆಗಾರ: ಅಲ್ಲಿ ಗುಂಡಿ ತೋಡಬೇಡಿ. ಇರುವ ಶೌಚಾಲಯ ತಾಳುವಷ್ಟೇ ಅತಿಥಿಗಳನ್ನು ಇಟ್ಟುಕೊಳ್ಳಿ.