ಸಹಾಯ ಬೇಕು: ಹಾರ್ಮೋನ್ ಪ್ಯಾಚ್ ಅಥವಾ ಜೆಲ್ ಬಳಸಿದವರು ಇದ್ದೀರಾ?

ನಮಸ್ಕಾರ. ನಾನು ವಿಜಯಪುರದವಳು, ವಯಸ್ಸು 51. ಮುಟ್ಟು ನಿಂತ ಮೇಲೆ ರಾತ್ರಿ ಮೈಯೆಲ್ಲ ಬೆವೆತು ನಿದ್ದೆಯೇ ಇಲ್ಲ. ಪರೀಕ್ಷೆಗಳನ್ನೆಲ್ಲ ನೋಡಿ ಡಾಕ್ಟರ್ ಹಾರ್ಮೋನ್ ಚಿಕಿತ್ಸೆ ಶುರು ಮಾಡೋಣ ಎಂದಿದ್ದಾರೆ. ಯಾವ ರೂಪದಲ್ಲಿ ಎನ್ನುವುದನ್ನು ಯೋಚಿಸಿ ಹೇಳಬೇಕು.

ಮಾತ್ರೆ ನುಂಗುವುದು ಸುಲಭ. ಆದರೆ ಈ ಚಿಕಿತ್ಸೆಯ ಮುಖ್ಯ ಹಾರ್ಮೋನ್ ಈಸ್ಟ್ರೋಜನ್; ಬಾಯಿಂದ ತೆಗೆದುಕೊಂಡರೆ ಅದು ಮೊದಲು ಲಿವರ್‌ಗೆ ಹೋಗುತ್ತದೆ, ಅದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚುತ್ತದೆ. ಚರ್ಮದ ಮೂಲಕ ಹೋದರೆ ಆ ಚಿಂತೆ ಕಡಿಮೆ. ನಮ್ಮ ಅವ್ವನಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಹಾಗಾಗಿ ಮಾತ್ರೆ ನನಗೆ ಬೇಡ ಅನಿಸಿದೆ. ಗರ್ಭಕೋಶ ಇರುವುದರಿಂದ ಅದರ ಒಳಪದರ ಕಾಪಾಡಲು ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನ್ ಜೊತೆಗೆ ಬೇಕೇ ಬೇಕು, ಅದು ಬೇರೆ ಮಾತು.

ಉಳಿದದ್ದು ಪ್ಯಾಚ್ ಮತ್ತು ಜೆಲ್. ಪ್ಯಾಚನ್ನು ಹೊಟ್ಟೆಯ ಕೆಳಗೆ ಅಂಟಿಸಿ ವಾರಕ್ಕೆ ಎರಡು ಸಲ ಬದಲಿಸಬೇಕಂತೆ. ನಮ್ಮೂರ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟುತ್ತದೆ. ಬೆವರಿಗೆ ಅದು ನಿಲ್ಲುತ್ತದಾ? ಲಂಗದ ಲಾಡಿ ಉಜ್ಜಿ ಅಂಚು ಏಳುವುದಿಲ್ವಾ? ತುರಿಕೆ?

ಜೆಲ್ ಆದರೆ ದಿನಾ ಹಚ್ಚಿ ಒಣಗಲು ಬಿಡಬೇಕು. ಹಚ್ಚಿದ ಜಾಗ ಮಕ್ಕಳ ಮೈಗೆ ತಾಗಬಾರದು. ಮನೆಯಲ್ಲಿ ಪುಟ್ಟ ಮೊಮ್ಮಗಳಿದ್ದಾಳೆ, ಸದಾ ತೋಳಿಗೇ ಜೋತು ಬೀಳುತ್ತಾಳೆ. ತೊಡೆಗೆ ಹಚ್ಚುವವರು ಇದ್ದೀರಾ?

ಇನ್ನೊಂದು. ಇವು ಇಲ್ಲಿನ ಮೆಡಿಕಲ್ ಅಂಗಡಿಗಳಲ್ಲಿ ತಪ್ಪದೆ ಸಿಗುತ್ತವಾ, ಇಲ್ಲ ಸೊಲ್ಲಾಪುರ, ಹುಬ್ಬಳ್ಳಿಯಿಂದ ತರಿಸಬೇಕಾ? ತಿಂಗಳಿಗೆ ಎಷ್ಟು ಖರ್ಚು? ಡೋಸ್ ಡಾಕ್ಟರ್ ನೋಡಿಕೊಳ್ಳುತ್ತಾರೆ. ಕಷಾಯದ ಸಲಹೆ ದಯವಿಟ್ಟು ಬೇಡ, ಮನೆಯಲ್ಲೇ ಜಾಸ್ತಿ ಆಗಿದೆ. ಇಲ್ಲಿ ಹೇಳಲು ಸಂಕೋಚ ಆದರೆ ಮೆಸೇಜ್ ಮಾಡಿ.