ಕುಂಬ್ಳೆಯ 10 ವಿಕೆಟ್‌ಗೆ ಬೇಸ್‌ಬಾಲ್‌ನಲ್ಲಿ ಸಮ ಯಾವುದು? ಚಿಕ್ಕಪ್ಪನಿಗೆ ಉತ್ತರ ಬೇಕಿದೆ

ನೇರಳೆ_ಮಾರ್ಗ:

ಒಂದು ವರ್ಷದಿಂದ ನನಗೆ ಬೇಸ್‌ಬಾಲ್ ಹುಚ್ಚು. ಮನೆ ವಿಜಯನಗರ, ಆಫೀಸು ವೈಟ್‌ಫೀಲ್ಡ್ ಕಡೆ, ಮೆಟ್ರೊದಲ್ಲಿ ಕೂತರೆ ಗಂಟೆ ಮೇಲಾಗುತ್ತದೆ. ಲಾಸ್ ಏಂಜಲೀಸ್‌ನಲ್ಲಿ ಸಂಜೆ ಏಳಕ್ಕೆ ಶುರುವಾಗುವ ಮ್ಯಾಚು ಬೇಸಿಗೆಯಲ್ಲಿ ನಮಗೆ ಬೆಳಿಗ್ಗೆ ಏಳೂವರೆ. ಹಾಗೆ ಅಲ್ಲಿ ಆಡುವ ಒಟಾನಿಯನ್ನು ನೋಡುತ್ತಾ ನೋಡುತ್ತಾ ಅಂಟಿಕೊಂಡಿತು.

ಕಳೆದ ಭಾನುವಾರ ಹನುಮಂತನಗರದಲ್ಲಿ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಅವರಿಗೆ ಬೇಸ್‌ಬಾಲ್ ಅಂದರೆ ದುಡ್ಡಿರುವವರು ಆಡುವ ಚಿನ್ನಿದಾಂಡು. ನಾನು ಪರ್ಫೆಕ್ಟ್ ಗೇಮ್ ಅಂದರೇನು ಅಂತ ವಿವರಿಸಿದೆ: ಒಬ್ಬನೇ ಪಿಚರ್ (ನಮ್ಮ ಬೌಲರ್ ಥರ) ಇಡೀ ಮ್ಯಾಚು, ಅಂದರೆ ಮೂರು ಮೂರು ಔಟಿನ ಒಂಬತ್ತು ಇನಿಂಗ್ಸ್, ಎಸೆಯಬೇಕು, ಎದುರು ತಂಡದ 27 ಜನ ಬಂದು 27 ಜನವೂ ಔಟಾಗಬೇಕು, ಹಿಟ್ (ಹೊಡೆದು ಬೇಸ್ ಸೇರುವುದು) ಇಲ್ಲ, ವಾಕ್ (ಕೆಟ್ಟ ಎಸೆತಗಳಿಂದ ಸಿಗುವ ಪುಕ್ಕಟೆ ಬೇಸ್) ಇಲ್ಲ, ತಪ್ಪು ಫೀಲ್ಡಿಂಗಿನಿಂದಲೂ ಒಬ್ಬನೂ ಬೇಸ್ ಮುಟ್ಟಬಾರದು. ಎಷ್ಟು ಸಲ ಆಗಿದೆ ಅಂತ ಕೇಳಿದರು. ಅಮೆರಿಕದ ದೊಡ್ಡ ಲೀಗಾದ ಮೇಜರ್ ಲೀಗ್‌ನಲ್ಲಿ 24 ಸಲ ಅಂದೆ. ಕಾಫಿ ಲೋಟ ಕೆಳಗಿಟ್ಟು ನಕ್ಕರು. "ಟೆಸ್ಟ್‌ನಲ್ಲಿ ಇನಿಂಗ್ಸ್‌ಗೆ ಹತ್ತೂ ವಿಕೆಟ್ ತೆಗೆದವರು ಮೂರೇ ಜನ ಕಣೋ. ಲೇಕರ್, ನಮ್ಮ ಜಂಬೋ, ಆಮೇಲೆ ಏಜಾಜ್ ಪಟೇಲ್. ಇಪ್ಪತ್ತನಾಲ್ಕು ಸಲ ಆಗೋದನ್ನ ಅಪರೂಪ ಅಂತಾರಾ?"

ನನಗೆ ಬಾಯಿ ಕಟ್ಟಿತು. ಇಲ್ಲಿ ತಿಳಿದವರು ಇದ್ದೀರಿ. ಕುಂಬ್ಳೆಗೆ ಸಮ ಅನ್ನುವಂಥದ್ದು ಬೇಸ್‌ಬಾಲ್‌ನಲ್ಲಿ ಯಾವುದು? ಬರೀ ಎಷ್ಟು ಸಲ ಅಂತ ಎಣಿಸಿದರೆ ಸಾಕಾ?

ಲೆಕ್ಕದ_ಮೇಷ್ಟ್ರು:

ಸಾಲದು. ನಿಮ್ಮ ಚಿಕ್ಕಪ್ಪ ಮೇಲಿನ ಸಂಖ್ಯೆ ಮಾತ್ರ ನೋಡಿದ್ದಾರೆ, ಕೆಳಗಿನದನ್ನು ಬಿಟ್ಟಿದ್ದಾರೆ. ಎಷ್ಟು ಅವಕಾಶದಲ್ಲಿ ಎಷ್ಟು ಸಲ ಅನ್ನುವುದು ಮುಖ್ಯ. ನನ್ನ ಪಿಯುಸಿ ಮಕ್ಕಳೂ ಇಲ್ಲೇ ಎಡವುತ್ತಾರೆ.

ಟೆಸ್ಟ್ ಪಂದ್ಯಗಳು ಇದುವರೆಗೆ 2,500ಕ್ಕೂ ಜಾಸ್ತಿ ನಡೆದಿವೆ. ಪಂದ್ಯಕ್ಕೆ ಮೂರೂವರೆ ಇನಿಂಗ್ಸ್ ಅಂತ ಹಿಡಿದರೆ ಹತ್ತಿರ ಹತ್ತಿರ 9,000 ಇನಿಂಗ್ಸ್. ಅದರಲ್ಲಿ ಮೂರು. ಅಂದರೆ 3,000 ಇನಿಂಗ್ಸ್‌ಗೆ ಒಂದು. ಈಗ ಬೇಸ್‌ಬಾಲ್‌ಗೆ ಬನ್ನಿ. ಮೇಜರ್ ಲೀಗ್‌ನಲ್ಲಿ 2 ಲಕ್ಷಕ್ಕೂ ಜಾಸ್ತಿ ಪಂದ್ಯ ಆಗಿವೆ, ಒಂದೊಂದರಲ್ಲೂ ಎರಡು ಕಡೆಯ ಪಿಚರ್‌ಗಳಿಗೂ ಅವಕಾಶ, ಅಂದರೆ 4 ಲಕ್ಷದ ಮೇಲೆ. ಅದರಲ್ಲಿ 24. ಹದಿನೇಳು ಹದಿನೆಂಟು ಸಾವಿರಕ್ಕೆ ಒಂದು ಬೀಳುತ್ತದೆ. ಹೀಗೆ ನೋಡಿದರೆ ಪರ್ಫೆಕ್ಟ್ ಗೇಮೇ ಜಾಸ್ತಿ ಅಪರೂಪ.

ಆದರೆ ಇಲ್ಲೇ ನಿಲ್ಲಿಸಿದರೆ ಅದೂ ಮೋಸ. ಟೆಸ್ಟ್‌ನಲ್ಲಿ ಒಂದು ಇನಿಂಗ್ಸ್‌ನಲ್ಲಿ ನಾಲ್ಕೈದು ಬೌಲರ್‌ಗಳು ಇರುತ್ತಾರೆ, ಹತ್ತೂ ವಿಕೆಟ್ ತೆಗೆಯುವ ಅವಕಾಶ ಅಷ್ಟೂ ಜನಕ್ಕೆ ಇತ್ತು ಅಂತ ಲೆಕ್ಕ. ಒಬ್ಬ ಬೌಲರ್ ಕಡೆಯಿಂದ ನೋಡಿದರೆ 12,000ರಿಂದ 15,000ಕ್ಕೆ ಒಂದು ಸಲ. ಎರಡೂ ಒಂದೇ ಓಣಿಯ ಮನೆಗಳು. ಹಾಗಾಗಿ ನಿಮ್ಮ ಪ್ರಶ್ನೆಗೆ ನೇರ ಉತ್ತರ ಪರ್ಫೆಕ್ಟ್ ಗೇಮೇ. ಚಿಕ್ಕಪ್ಪನಿಗೆ ಧೈರ್ಯವಾಗಿ ಹೇಳಿ.

ಇನ್ನೊಂದು ತಮಾಷೆ. ಬರುವ ಬ್ಯಾಟರ್‌ಗಳಲ್ಲಿ 100ಕ್ಕೆ 32 ಜನ ಹೇಗೋ ಬೇಸ್ ಸೇರುತ್ತಾರೆ ಅಂತ ಇಟ್ಟುಕೊಳ್ಳಿ. 0.68 ಅನ್ನು 27 ಸಲ ಗುಣಿಸಿದರೆ 33,000ಕ್ಕೆ ಒಂದು ಬರುತ್ತದೆ. ಆ ಲೆಕ್ಕಕ್ಕೆ 4 ಲಕ್ಷದಲ್ಲಿ ಹನ್ನೆರಡೋ ಹದಿನೈದೋ ಆಗಬೇಕಿತ್ತು, ಆಗಿರುವುದು 24. ಯಾಕೆ? ಎಲ್ಲ ಪಿಚರ್ ಒಂದೇ ಥರ ಇರುವುದಿಲ್ಲ. ಒಳ್ಳೆಯವನಿಗೆ ಸಪ್ಪೆ ತಂಡ ಎದುರಾದ ದಿನ 0.68 ಹೋಗಿ 0.75 ಆದರೆ ಸಾಕು, 27 ಸಲ ಗುಣಿಸುವಾಗ ಆ ಚೂರು ವ್ಯತ್ಯಾಸವೇ ಬೆಟ್ಟವಾಗುತ್ತದೆ.

ಗಾಂಧಿಬಜಾರ್_ದೋಸೆ:

ಮೇಷ್ಟ್ರ ಲೆಕ್ಕ ಸರಿ, ಆದರೆ ಒಂದು ಬಿಟ್ಟರು. ಇನ್ನೊಂದು ತುದಿ! 1999ರ ಫೆಬ್ರವರಿ 7, ಭಾನುವಾರ, ಫಿರೋಜ್ ಷಾ ಕೋಟ್ಲಾ. ಪಾಕಿಸ್ತಾನ ವಿಕೆಟ್ ಇಲ್ಲದೆ 101 ಇತ್ತು. ಅಲ್ಲಿಂದ 207ಕ್ಕೆ ಗಂಟುಮೂಟೆ. ಕುಂಬ್ಳೆ 26.3 ಓವರ್, 74 ರನ್, 10. ಒಂಬತ್ತು ಆದ ಮೇಲೆ ಶ್ರೀನಾಥ್ ಬೇಕಂತಲೇ ವಿಕೆಟ್‌ನಿಂದ ದೂರ ದೂರ ಹಾಕಿದರು, ತಪ್ಪಿ ತನಗೆ ವಿಕೆಟ್ ಬಿದ್ದೀತು ಅಂತ. ಆಮೇಲೆ ಅಕ್ರಮ್ ಕೊಟ್ಟ ಕ್ಯಾಚನ್ನು ಲಕ್ಷ್ಮಣ್ ಹಿಡಿದರು. ನಾನು ಆಗ ಎಂಟನೇ ಕ್ಲಾಸು. ನಮ್ಮ ಮನೆಯಲ್ಲಿ ಆರನೇ ವಿಕೆಟ್ ಬಿದ್ದಾಗ ಯಾರು ಎಲ್ಲಿದ್ದರೋ ಅಲ್ಲೇ ಇರಬೇಕು ಅಂತ ಅಜ್ಜಿಯ ಆರ್ಡರ್. ನಾನು ಅಡುಗೆಮನೆ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತಿದ್ದೆ. ಹಾಗೇ ನಿಂತೆ. ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ಅಮ್ಮನನ್ನು ಏಳಲು ಬಿಡಲಿಲ್ಲ.

ಬೇಸ್‌ಬಾಲ್‌ನಲ್ಲೂ ಇದೇ ಇದೆ ಗೊತ್ತಾ? ಪಿಚರ್ ಆರು ಏಳು ಇನಿಂಗ್ಸ್ ತನಕ ಹಿಟ್ ಕೊಡದಿದ್ದರೆ ಅವನ ತಂಡದವರು ಅವನ ಪಕ್ಕ ಕೂರುವುದಿಲ್ಲ, ಮಾತಾಡಿಸುವುದಿಲ್ಲ, ಆ ಪದವನ್ನೇ ಬಾಯಲ್ಲಿ ತರುವುದಿಲ್ಲ. ದೃಷ್ಟಿ ಆಗುತ್ತದೆ ಅಂತ. ನಮ್ಮಜ್ಜಿ ಅಲ್ಲಿ ಹುಟ್ಟಬೇಕಿತ್ತು.

ದೃಷ್ಟಿ ಆಗಿದ್ದು ಅಂದರೆ ಪಿಚರ್ ಗಲರಾಗಾಗೆ. 2010ರ ಜೂನ್ 2, ಡೆಟ್ರಾಯಿಟ್. 26 ಜನ ಬಂದರು, 26 ಜನವೂ ಔಟು. 27ನೆಯವನು ನೆಲದಲ್ಲಿ ಉರುಳಿಸಿದ, ಫೀಲ್ಡರ್ ಕಬ್ರೇರಾ ಹಿಡಿದು ಫಸ್ಟ್ ಬೇಸ್‌ಗೆ ಎಸೆದ, ಗಲರಾಗಾ ಓಡಿ ಬಂದು ಚೆಂಡು ಹಿಡಿದು ಬೇಸ್ ತುಳಿದ. ಬ್ಯಾಟರ್ ಇನ್ನೂ ಒಂದು ಹೆಜ್ಜೆ ಹಿಂದೆ. ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಬಿಚ್ಚಿ ಸೇಫ್ ಅಂದ! ಗಲರಾಗಾ ಮುಖ ನೋಡಬೇಕು ನೀವು. ಕೂಗಲಿಲ್ಲ, ಜಗಳ ಆಡಲಿಲ್ಲ. ಸುಮ್ನೆ ಒಂದು ನಗು ನಕ್ಕು ವಾಪಸ್ ಹೋಗಿ ಮುಂದಿನವನನ್ನು ಔಟ್ ಮಾಡಿದ. ಮ್ಯಾಚ್ ಮುಗಿದ ಮೇಲೆ ಟೀವಿಯಲ್ಲಿ ನೋಡಿ ಜಾಯ್ಸ್ ತಪ್ಪು ಒಪ್ಪಿಕೊಂಡು ಕ್ಷಮೆ ಕೇಳಿದ. ಮಾರನೆಯ ದಿನ ತಂಡದ ಪಟ್ಟಿಯನ್ನು ಅಂಪೈರ್‌ಗೆ ಕೊಡಲು ಗಲರಾಗಾನೇ ಬಂದ, ಜಾಯ್ಸ್ ಕಣ್ಣಲ್ಲಿ ನೀರು. ಆದರೂ ದಾಖಲೆ ಪುಸ್ತಕದಲ್ಲಿ ಅದು ಬರೀ ಒಂದು ಹಿಟ್ ಕೊಟ್ಟ ಮ್ಯಾಚು. ನನ್ನ ಮಟ್ಟಿಗೆ ಪರ್ಫೆಕ್ಟ್ ಗೇಮ್ 25.

ಹಳೇ_ಸ್ಕೋರ್‌ಬುಕ್:

25 ಯಾಕೆ, 26 ಮಾಡಿಕೊಳ್ಳಿ. ಪಿಚರ್ ಹಾರ್ವಿ ಹ್ಯಾಡಿಕ್ಸ್ ಹೆಸರು ಯಾರೂ ಎತ್ತಲಿಲ್ಲವಲ್ಲ. 1959ರ ಮೇ 26, ಪಿಟ್ಸ್‌ಬರ್ಗ್ ತಂಡಕ್ಕೆ ಮಿಲ್ವಾಕಿಯಲ್ಲಿ ಎಸೆಯುತ್ತಿದ್ದ. ಮೈಗೆ ಹುಷಾರಿರಲಿಲ್ಲ, ನೆಗಡಿ. ಒಂಬತ್ತು ಇನಿಂಗ್ಸ್‌ನಲ್ಲಿ 27 ಜನರನ್ನೂ ಕಳಿಸಿದ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಇವನ ತಂಡ ಒಂದು ರನ್ನೂ ಹೊಡೆದಿರಲಿಲ್ಲ! ಹತ್ತನೇ ಇನಿಂಗ್ಸ್, ಹನ್ನೊಂದು, ಹನ್ನೆರಡು. 36 ಜನ ಸಾಲಾಗಿ ಔಟು. ಇವನ ಕಡೆಯವರು ಇಡೀ ಪಂದ್ಯದಲ್ಲಿ 12 ಹಿಟ್ ಹೊಡೆದರು, ಒಬ್ಬನೂ ಮನೆ ಸೇರಲಿಲ್ಲ. ಆ ಕಡೆ ಬರ್ಡೆಟ್ ಅನ್ನುವ ಪಿಚರ್ 13 ಇನಿಂಗ್ಸೂ ತಾನೇ ಎಸೆದ.

13ನೇ ಇನಿಂಗ್ಸ್‌ನಲ್ಲಿ ಫೀಲ್ಡರ್ ತಪ್ಪು ಎಸೆದು ಮೊದಲನೆಯವನು ಬೇಸ್ ಸೇರಿದ. ಆಮೇಲೆ ಹ್ಯಾಂಕ್ ಆರನ್‌ಗೆ ಬೇಕಂತಲೇ ವಾಕ್ ಕೊಟ್ಟರು. ಆಡ್ಕಾಕ್ ಬಂದು ಬೇಲಿ ದಾಟಿಸಿದ. ಚೆಂಡು ಬೇಲಿ ದಾಟಿಲ್ಲ ಅಂದುಕೊಂಡು ಆರನ್ ದಾರಿಯಲ್ಲೇ ಪಕ್ಕಕ್ಕೆ ಸರಿದ, ಆಡ್ಕಾಕ್ ಅವನನ್ನು ದಾಟಿ ಓಡಿದ, ಹಾಗಾಗಿ ಹೋಮ್ ರನ್ ಲೆಕ್ಕಕ್ಕೆ ಬರಲಿಲ್ಲ. ಸ್ಕೋರು 1-0. ಹ್ಯಾಡಿಕ್ಸ್ ಸೋತ. ಸಾಲದು ಅಂತ 1991ರಲ್ಲಿ ನಿಯಮ ಬಿಗಿ ಮಾಡಿ ಅವನ ಮ್ಯಾಚನ್ನು ನೋ-ಹಿಟ್ಟರ್ (ಒಂದೂ ಹಿಟ್ ಕೊಡದ ಮ್ಯಾಚು) ಪಟ್ಟಿಯಿಂದಲೂ ತೆಗೆದರು.

ಮೇಷ್ಟ್ರೇ, ಒಳ್ಳೆಯ ಪಿಚರ್‌ಗೆ ಜಾಸ್ತಿ ಅವಕಾಶ ಅಂದಿರಿ. ಒಪ್ಪುತ್ತೇನೆ, ಅರ್ಧ. ನೋಲನ್ ರಯಾನ್ ಅನ್ನುವ ಪಿಚರ್ 5,714 ಜನರನ್ನು ಸ್ಟ್ರೈಕ್‌ಔಟ್ (ಫೀಲ್ಡರ್ ನೆರವಿಲ್ಲದೆ ಎಸೆತದಿಂದಲೇ ಔಟ್) ಮಾಡಿದ, 7 ನೋ-ಹಿಟ್ಟರ್ ಎಸೆದ, ಎರಡೂ ದಾಖಲೆ. ಪರ್ಫೆಕ್ಟ್ ಗೇಮ್ ಸೊನ್ನೆ. ಫಿಲಿಪ್ ಹಂಬರ್ ಅಂತ ಇದ್ದ, ಇಡೀ ವೃತ್ತಿಯಲ್ಲಿ ಗೆದ್ದಿದ್ದು 16 ಪಂದ್ಯ, ಅದರಲ್ಲೊಂದು 2012ರ ಪರ್ಫೆಕ್ಟ್ ಗೇಮ್. ಆ ವರ್ಷ ಮೂರು ಪರ್ಫೆಕ್ಟ್ ಗೇಮ್ ಆದವು, ಆಮೇಲೆ 2023ರವರೆಗೆ ಒಂದೂ ಇಲ್ಲ. ಬಿಎಂಟಿಸಿ ಬಸ್ಸಿನ ಥರ.

ಲೆಕ್ಕದ_ಮೇಷ್ಟ್ರು:

ಹಂಬರ್ ವಿಷಯ ಒಪ್ಪಿದೆ. ಬಸ್ಸಿನ ವಿಷಯ ಇನ್ನೂ ಜಾಸ್ತಿ ಒಪ್ಪಿದೆ.

ಬನಶಂಕರಿ_ಬ್ಯಾಟು:

ಎಲ್ಲರೂ ಪಿಚರ್ ಪಿಚರ್ ಅಂತಿದ್ದೀರಿ. ಬ್ಯಾಟ್ ಹಿಡಿದವರು ಏನು ಪಾಪ ಮಾಡಿದ್ದರು?

ನನ್ನ ಪ್ರಕಾರ ಒಂದು ದಿನದ ಸಾಧನೆ ಬೇರೆ, ದಿನಾ ಮಾಡುವ ಸಾಧನೆ ಬೇರೆ. ಒಂದು ದಿನದ್ದಕ್ಕೆ ಅದೃಷ್ಟ ಬಂದು ಕೂತುಬಿಡಬಹುದು. ಒಬ್ಬನೇ ಫೀಲ್ಡರ್ ಯಾರ ಸಹಾಯವೂ ಇಲ್ಲದೆ ಒಂದೇ ಏಟಿಗೆ ಮೂರು ಜನರನ್ನು ಔಟ್ ಮಾಡುವುದು ಇದುವರೆಗೆ 15 ಸಲ, ಪರ್ಫೆಕ್ಟ್ ಗೇಮ್‌ಗಿಂತ ಕಡಿಮೆ. ಆದರೆ ಅದು ಚೆಂಡು ಕೈಗೆ ಬಂದು ಬಿದ್ದವನ ಪುಣ್ಯ. 1927ರಲ್ಲಿ ಮೇ 30ಕ್ಕೆ ಒಂದು, ಮೇ 31ಕ್ಕೆ ಇನ್ನೊಂದು! ಇದಕ್ಕೆ ಏನು ಹೇಳುವುದು?

ಫರ್ನಾಂಡೊ ಟಾಟಿಸ್ (ಈಗ ಆಡುವ ಹುಡುಗನ ಅಪ್ಪ) ಒಂದೇ ಇನಿಂಗ್ಸ್‌ನಲ್ಲಿ ಎರಡು ಗ್ರ್ಯಾಂಡ್ ಸ್ಲ್ಯಾಮ್ ಹೊಡೆದ. ಮೂರೂ ಬೇಸ್ ತುಂಬಿದ್ದಾಗ ಹೋಮ್ ರನ್, ಅದೇ ಇನಿಂಗ್ಸ್‌ನಲ್ಲಿ ತಿರುಗಿ ಸರದಿ ಬಂದು ಮತ್ತೆ ಮೂರೂ ಬೇಸ್ ತುಂಬಿ ಮತ್ತೆ ಹೋಮ್ ರನ್, ಅದೂ ಅದೇ ಪಿಚರ್‌ಗೆ, ಪಾಪ ಚಾನ್ ಹೊ ಪಾರ್ಕ್. ಇದನ್ನು ಮಾಡಿದವನು ಇವನೊಬ್ಬನೇ. ತಾರೀಕು 1999ರ ಏಪ್ರಿಲ್ 23. ಎಲ್ಲೋ ಕೇಳಿದ ಹಾಗಿದೆ ಅಲ್ವಾ? 2013ರ ಏಪ್ರಿಲ್ 23ಕ್ಕೆ ಚಿನ್ನಸ್ವಾಮಿಯಲ್ಲಿ ಗೇಲ್ 66 ಎಸೆತಕ್ಕೆ 175. 2017ರ ಏಪ್ರಿಲ್ 23ಕ್ಕೆ ಅದೇ ನಮ್ಮ ಆರ್‌ಸಿಬಿ 49ಕ್ಕೆ ಆಲೌಟ್. ಅಣ್ಣಾವ್ರ ಹುಟ್ಟುಹಬ್ಬದ ಹಿಂದಿನ ದಿನ ಏನೋ ಇದೆ ಸ್ವಾಮಿ.

ದಿನಾ ಮಾಡುವುದು ಅಂದರೆ ಬ್ಯಾಟರ್ ಡಿಮ್ಯಾಜಿಯೊ. 1941, ಸಾಲಾಗಿ 56 ಪಂದ್ಯ, ಪ್ರತಿಯೊಂದರಲ್ಲೂ ಕನಿಷ್ಠ ಒಂದು ಹಿಟ್. ಆಮೇಲೆ ತುಂಬಾ ಹತ್ತಿರ ಬಂದವನು ಪೀಟ್ ರೋಸ್, 1978ರಲ್ಲಿ, 44. ಇನ್ನೂ 12 ಬಾಕಿ! ಮೇಷ್ಟ್ರೇ, ಇದನ್ನು ಲೆಕ್ಕ ಹಾಕಿ.

ಅದೇ ವರ್ಷ ಟೆಡ್ ವಿಲಿಯಮ್ಸ್. ಸೀಸನ್‌ನ ಕೊನೆಯ ದಿನ ಅವನ ಸರಾಸರಿ (ಸರದಿಗೆ ಎಷ್ಟು ಹಿಟ್ ಅನ್ನುವ ಲೆಕ್ಕ) .39955, ರೌಂಡ್ ಮಾಡಿದರೆ .400. ಮನೆಯಲ್ಲಿ ಕೂತಿದ್ದರೂ ದಾಖಲೆ ಅವನದೇ. ಕೂರಲಿಲ್ಲ, ಆ ದಿನ ಎರಡು ಪಂದ್ಯ ಇತ್ತು, ಎರಡೂ ಆಡಿದ, 8ಕ್ಕೆ 6 ಹಿಟ್, .406. ಅಲ್ಲಿಂದ ಇಲ್ಲಿಯವರೆಗೆ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎರಡರಲ್ಲೂ ಯಾರೂ ಸೀಸನ್‌ಗೆ .400 ಮುಟ್ಟಿಲ್ಲ. ನಮ್ಮ ಕ್ರಿಕೆಟ್‌ನಲ್ಲಿ ಬ್ರಾಡ್‌ಮನ್‌ಗೆ ಸರಾಸರಿ 100 ಆಗಲು ಕೊನೆಯ ಇನಿಂಗ್ಸ್‌ನಲ್ಲಿ 4 ರನ್ ಬೇಕಿತ್ತು, ಸೊನ್ನೆಗೆ ಹೋಗಿ 99.94ಕ್ಕೆ ನಿಂತಿತು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕಾಫಿ ಕೊಡಿಸಬೇಕು ಅನ್ನಿಸುತ್ತದೆ.

ಲೆಕ್ಕದ_ಮೇಷ್ಟ್ರು:

ಹಾಕಿದೆ. ಡಿಮ್ಯಾಜಿಯೊ ಆ ವರ್ಷದ ಸರಾಸರಿ .357. ಪಂದ್ಯಕ್ಕೆ ನಾಲ್ಕು ಸರದಿ ಅಂದರೆ ಒಂದಾದರೂ ಹಿಟ್ ಸಿಗುವ ಸಾಧ್ಯತೆ 100ಕ್ಕೆ 83. ಅದನ್ನು 56 ಸಲ ಗುಣಿಸಿದರೆ ಸುಮಾರು 36,000ಕ್ಕೆ ಒಂದು. ಮೇಲೆ ಪರ್ಫೆಕ್ಟ್ ಗೇಮ್‌ಗೆ 33,000 ಬಂದಿತ್ತು ನೆನಪಿದೆಯಾ? ಹತ್ತಿರ ಹತ್ತಿರ ಅಷ್ಟೇ. ಆದರೆ ಪರ್ಫೆಕ್ಟ್ ಗೇಮ್‌ಗೆ ಯಾವ ಪಿಚರ್ ಬೇಕಾದರೂ ಯಾವ ದಿನ ಬೇಕಾದರೂ ಟಿಕೆಟ್ ತಗೊಳ್ಳಬಹುದು. 56ಕ್ಕೆ ಮೊದಲು .357 ಹೊಡೆಯುವ ಆಸಾಮಿ ಆಗಬೇಕು. ಸಾಧಾರಣ .270 ಹೊಡೆಯುವವನಿಗೆ ಇದೇ ಲೆಕ್ಕ ಹಾಕಿದರೆ ಸೊನ್ನೆಗಳನ್ನು ಎಣಿಸುತ್ತಾ ಮೆಜೆಸ್ಟಿಕ್ ತಲುಪುತ್ತೀರಿ. ಹಾಗಾಗಿ ನನ್ನ ಮೊದಲಿನ ಉತ್ತರ ತಿದ್ದಿಕೊಳ್ಳುತ್ತೇನೆ. ಕುಂಬ್ಳೆಗೆ ಸಮ ಪರ್ಫೆಕ್ಟ್ ಗೇಮ್. ಕುಂಬ್ಳೆಯನ್ನೂ ಮೀರಿದ್ದು ಡಿಮ್ಯಾಜಿಯೊ.

ಗಾಂಧಿಬಜಾರ್_ದೋಸೆ:

ಬಸವನಗುಡಿಯಲ್ಲಿ ನಿಂತು ಈ ಮಾತು ಹೇಳಿ ನೋಡೋಣ.

ನೇರಳೆ_ಮಾರ್ಗ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಚಿಕ್ಕಪ್ಪನಿಗೆ ಫೋನ್‌ನಲ್ಲಿ ಪೂರ್ತಿ ಓದಿ ಹೇಳಿದೆ. ಮೇಷ್ಟ್ರ ಲೆಕ್ಕಕ್ಕೆ ಬರೀ "ಹೂಂ" ಅಂದರು. ಡಿಮ್ಯಾಜಿಯೊಗೂ "ಹೂಂ". ಗಲರಾಗಾ ಕಥೆಗೆ ಅಂಪೈರ್‌ಗೆ ಎರಡು ಮಾತು ಬೈದರು, ಇಲ್ಲಿ ಬರೆಯುವಂತಿಲ್ಲ. ಹ್ಯಾಡಿಕ್ಸ್ ಹತ್ತಿರ ಬಂದಾಗ ಮಾತ್ರ ತಡೆದು, ಆ 12 ಹಿಟ್ ಹೊಡೆದೂ ರನ್ ಬರಲಿಲ್ಲ ಅನ್ನುವ ಭಾಗವನ್ನು ಇನ್ನೊಂದು ಸಲ ಓದಿಸಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು "ಪಾಪ, ಅವನಿಗೊಬ್ಬ ಶ್ರೀನಾಥ್ ಇರಲಿಲ್ಲ ನೋಡು" ಅಂದರು.