ಅಡಿಕೆ ಸಂಘ ಬೆಂಗಳೂರಿಗೆ ಹೋಗಬೇಕಾ, ದಿಲ್ಲಿಗಾ?

ತೋಟದಮನೆ:
ಹೋದ ವಾರ ನಮ್ಮೂರ ಸಂಘದವರ ಜೊತೆ ಎಮ್ಮೆಲ್ಲೆ ಮನೆಗೆ ಮನವಿ ಕೊಡಲು ಹೋಗಿದ್ದೆ. ಒಂದೇ ಹಾಳೆಯಲ್ಲಿ ಎಲ್ಲಾ ತುರುಕಿದ್ದೆವು. ಎಲೆಚುಕ್ಕಿ ರೋಗಕ್ಕೆ ಪರಿಹಾರ ಕೊಡಿ, ಹೊರದೇಶದ ಅಡಿಕೆ ನಿಲ್ಲಿಸಿ, ಜಿಎಸ್‌ಟಿ ತೆಗೆಯಿರಿ. ಅವರು ಓದಿ, "ಇದರಲ್ಲಿ ಎರಡು ನನ್ನ ಕೈಲಿಲ್ಲ" ಅಂದರು. ಕಾಫಿ ಆಯ್ತು, ಫೋಟೊ ಆಯ್ತು, ವಾಪಸ್ ಬಂದೆವು. ಯಾವುದಕ್ಕೆ ಯಾರ ಬಾಗಿಲು ತಟ್ಟಬೇಕು ಅಂತ ದೊಡ್ಡ ಸಂಘಗಳು ಹೇಗೆ ತೀರ್ಮಾನ ಮಾಡುತ್ತವೆ?

ಸಾಗರದವ:
ಸಹಿ ಹಾಕೋರು ಯಾರು ಅಂತ ಮೊದಲು ನೋಡಿ ಮಾರಾಯ್ರೆ. ಆಮದು ಪೂರ್ತಿ ಕೇಂದ್ರದ್ದು. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿ ಆಯ್ತಲ್ಲ, ಆ ಆದೇಶ ಬಂದಿದ್ದು ದಿಲ್ಲಿಯಿಂದ. ಅದಕ್ಕೇ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದಂಥವರು ಎಂಪಿಗಳನ್ನು ಮುಂದಿಟ್ಟುಕೊಂಡು ಕೇಂದ್ರ ಸಚಿವರ ಹತ್ತಿರ ಹೋಗುತ್ತಾರೆ. ಎಲೆಚುಕ್ಕಿಗೆ ಹೊಡೆಯೋ ಔಷಧಿಗೆ ಸಬ್ಸಿಡಿ ಬೇಕಾದರೆ ರಾಜ್ಯದ ತೋಟಗಾರಿಕೆ ಇಲಾಖೆ ಇದೆ. ಜಿಎಸ್‌ಟಿ ಮಾತ್ರ ತಲೆನೋವು. ಅದನ್ನು ತೀರ್ಮಾನಿಸೋ ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ರಾಜ್ಯಗಳಿಗೆ ಉಳಿದದ್ದು, ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ಒಂದೇ ಕಡೆ ಹೋದರೆ ಆಗೋದಿಲ್ಲ.

ಕಬ್ಬಿನಗದ್ದೆ:
ಸಹಿ ಒಂದೇ ನೋಡಿದರೆ ಸಾಲದು ಸಾರ್. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಯವರು ರೈತರಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ನಿಗದಿ ಮಾಡೋದು ಕೇಂದ್ರ, ಸಕ್ಕರೆಯ ಕನಿಷ್ಠ ಮಾರಾಟ ಬೆಲೆಯೂ ಅವರದ್ದೇ. ಆದರೂ 2025ರ ನವೆಂಬರ್‌ನಲ್ಲಿ ನಮ್ಮ ಬೆಳಗಾವಿ ಕಡೆ ರೈತರು ಟನ್‌ಗೆ 3500 ಬೇಕು ಅಂತ ಗುರ್ಲಾಪುರದ ರಸ್ತೆಯಲ್ಲೇ ಕೂತರು, ದಿಲ್ಲಿಗೆ ಹೋಗಲಿಲ್ಲ. ಕೊನೆಗೆ ಮುಖ್ಯಮಂತ್ರಿಗಳೇ ಕಾರ್ಖಾನೆಯವರನ್ನೂ ರೈತರನ್ನೂ ಕರೆಸಿ ಮಾತಾಡಿ 3300ಕ್ಕೆ ಒಪ್ಪಿಸಿದರು. ಯಾರಿಗೆ ಬಿಸಿ ತಟ್ಟುತ್ತೋ ಅಲ್ಲಿಗೆ ಹೋಗಬೇಕು. ವಿಧಾನಸಭೆಯಲ್ಲಿ ಕಬ್ಬಿನ ಸೀಮೆಯವರು ಎಷ್ಟು ಜನ ಇದ್ದಾರೆ ಎಣಿಸಿ, ಲೋಕಸಭೆಯ 543ರಲ್ಲಿ ಅಡಿಕೆ ಊರಿನವರು ಎಷ್ಟು ಜನ ಅಂತಲೂ ಎಣಿಸಿ.

ಸಾಗರದವ:
ಒಪ್ಪಿದೆ. ಆದರೆ ರಸ್ತೆಯಲ್ಲಿ ಕೂತರೆ ಆಮದು ನಿಲ್ಲುತ್ತಾ? ರಾಜ್ಯದವರು ದಿಲ್ಲಿಗೆ ಒಂದು ಪತ್ರ ಬರೆದು ಕೈತೊಳೆದುಕೊಳ್ಳುತ್ತಾರೆ, ಎರಡೂ ಕಡೆ ಬೇರೆ ಬೇರೆ ಪಕ್ಷ ಇದ್ದರಂತೂ ಮುಗೀತು.

ಸುಮ್ನೆಓದುಗ:
ಗುಟ್ಕಾ ಕಂಪನಿಗಳನ್ನು ಮರೆತಿರಿ. ಆಹಾರ ಸುರಕ್ಷತಾ ಕಾಯ್ದೆ ಕೇಂದ್ರದ್ದು, ಆದರೆ ನಿಷೇಧದ ಆದೇಶ ಹೊರಡಿಸೋದು ರಾಜ್ಯದ ಆಯುಕ್ತರು, ಒಂದು ಸಲಕ್ಕೆ ಒಂದೇ ವರ್ಷಕ್ಕೆ. ದುಡ್ಡಿದ್ದವರು ಇಬ್ಬರನ್ನೂ ಬಿಟ್ಟು ನೇರ ಕೋರ್ಟಿಗೆ ಹೋಗುತ್ತಾರೆ.

ತೋಟದಮನೆ:
ಸರಿ, ಈ ಸಲ ಮೂರು ಹಾಳೆ ಮಾಡಿಸುತ್ತೇನೆ. ದಿಲ್ಲಿ ರೈಲು ಟಿಕೆಟ್ಟಿಗೆ ಸಂಘದಲ್ಲಿ ದುಡ್ಡಿಲ್ಲ, ಅದಕ್ಕೆ ಎಂಪಿ ಊರಿಗೆ ಬಂದಾಗ ಹಿಡಿಯೋದು ಅಂತಾಗಿದೆ.